ನೋಯದ ಜಾಗ

ಮಧ್ಯಾಹ್ನಕ್ಕೆ ಆಸ್ಪತ್ರೆಯ ಹೊರರೋಗಿಗಳ ಹಾಲ್ ಖಾಲಿಯಾಗುತ್ತಿತ್ತು. ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಆರುವ ಮೊದಲೇ ಬೆಂಚುಗಳನ್ನು ಅರ್ಧಚಂದ್ರದ ಹಾಗೆ ಎಳೆದು ಹಾಕಿ, ವಾರಕ್ಕೊಮ್ಮೆ ಅಲ್ಲಿ ಸಕ್ಕರೆ ಕಾಯಿಲೆಯ ಪಾಠ ನಡೆಯುತ್ತಿತ್ತು. ಬರುವವರೆಲ್ಲ ವಯಸ್ಸಾದವರು. ಒಬ್ಬರಿಗೆ ಕಿವಿ ಮಂದ, ಇನ್ನೊಬ್ಬರಿಗೆ ಕಣ್ಣು ಮಂದ, ಬಾಯಿ ಮಾತ್ರ ಯಾರಿಗೂ ಮಂದವಿರಲಿಲ್ಲ. ಪಾಠ ಹೇಳುವ ನರ್ಸಮ್ಮನಿಗೆ ಪಾಠದ ಸಿಸ್ಟರ್ ಎಂದೇ ಹೆಸರು ಬಿದ್ದಿತ್ತು.

ಸಿಸ್ಟರ್‌ಗೆ ಒಂದು ಪದ್ಧತಿಯಿತ್ತು. "ಅರ್ಥ ಆಯ್ತಾ?" ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿ ಮನೆಗೆ ಹೋಗಿ ತಮಗೆ ತೋಚಿದ್ದನ್ನು ಮಾಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಪಾಠ ಮುಗಿದ ಮೇಲೆ ಕೈಕಟ್ಟಿ ಸ್ಟೂಲಿನ ಮೇಲೆ ಕೂತು, "ಈಗ ನಾನು ರೋಗಿ, ನೀವು ಸಿಸ್ಟರು. ನನಗೆ ಹೇಳ್ಕೊಡಿ ನೋಡೋಣ" ಅನ್ನುತ್ತಿದ್ದರು.

ಮೊದಲು ಏಳುತ್ತಿದ್ದದ್ದು ಯಾವಾಗಲೂ ಟೈಲರ್ ಯಜಮಾನರು.

"ನೋಡಮ್ಮ ರೋಗಿ," ಎಂದು ಅವರು ಕನ್ನಡಕವನ್ನು ಹಣೆಗೇರಿಸಿ ಶುರು ಮಾಡುತ್ತಿದ್ದರು. "ಇನ್ಸುಲಿನ್ ಹೊಟ್ಟೇಗೆ ಕೊಡ್ಬೇಕು. ಹೊಕ್ಕಳಿಂದ ಎರಡು ಬೆರಳು ದೂರ. ಇವತ್ತು ಕೊಟ್ಟ ಜಾಗಕ್ಕೆ ನಾಳೆ ಕೊಡಬಾರ್ದು, ಒಂದು ಬೆರಳು ಆಚೆ ಸರೀಬೇಕು. ಒಂದೇ ಜಾಗಕ್ಕೆ ಚುಚ್ತಾ ಇದ್ರೆ ಒಳಗೆ ಗಂಟು ಕಟ್ತದೆ. ಗಂಟಿಗೆ ಹೋದ ಔಷಧಿ ರಕ್ತಕ್ಕೆ ಸೇರೋದಿಲ್ಲ. ತಿಳೀತಾ? ಇಲ್ಲಾಂದ್ರೆ ಇನ್ನೊಂದ್ಸಲ ಹೇಳ್ತೀನಿ, ಫೀಸೇನೂ ಇಲ್ಲ."

"ಟೈಲರಣ್ಣ, ನೀನು ಹುಟ್ಟಿದ್ದು ತಪ್ಪು ಮನೇಲಿ, ಡಾಕ್ಟ್ರ ಮನೇಲಿ ಹುಟ್ಬೇಕಿತ್ತು" ಎಂದು ಹಿಂದಿನ ಬೆಂಚಿನಿಂದ ಲಾರಿ ಡ್ರೈವರ್ ಕೂಗುತ್ತಿದ್ದ. ಲಾರಿ ಬಿಟ್ಟು ವರ್ಷಗಳಾಗಿದ್ದರೂ ಅವನ ದನಿ ಮಾತ್ರ ಇನ್ನೂ ಇಂಜಿನ್ನಿನ ಮೇಲೇ ಕೂತಿತ್ತು.

"ಡಾಕ್ಟ್ರಾಗಿದ್ರೆ ನಿನ್ನ ಹೊಟ್ಟೆ ಅಳತೆ ಯಾರು ತಗೋತಿದ್ರು ಮಾರಾಯ? ನನ್ನ ಟೇಪು ಒಂದ್ಸಲಕ್ಕೆ ಸಾಲಲ್ಲ."

ಟೈಲರ್ ಯಜಮಾನರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಕಾಯಿಲೆ ಇದ್ದದ್ದು ಪಕ್ಕದಲ್ಲಿ ಕೂತ ಹೆಂಡತಿಗೆ. ಎಲ್ಲರೂ ಟೈಲರಮ್ಮ ಅನ್ನುತ್ತಿದ್ದ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಸೂಜಿ ಕಂಡರೆ ಅವರಿಗೆ ಆಗದು. ಬದುಕೆಲ್ಲ ಸೂಜಿಯಿಂದಲೇ ಉಂಡ ಮನೆಯಲ್ಲಿ ಇದು ದೊಡ್ಡ ತಮಾಷೆಯಾಗಿತ್ತು. "ನೀವೂ ಸ್ವಲ್ಪ ಕೇಳಿಸ್ಕೊಳ್ಳಿ ಅಮ್ಮ" ಎಂದು ಸಿಸ್ಟರ್ ಹೇಳಿದರೆ, "ಇವರು ಕೇಳಿಸ್ಕೊಂಡ್ರೆ ನಾನು ಕೇಳಿಸ್ಕೊಂಡ ಹಾಗೇ ಅಲ್ವಾ ಸಿಸ್ಟರ್?" ಎಂದು ನಕ್ಕುಬಿಡುತ್ತಿದ್ದರು.

ಚುಚ್ಚುವುದನ್ನು ಕಲಿಯಲು ಮೊದಲೆಲ್ಲ ಕಿತ್ತಳೆ ಹಣ್ಣು ಕೊಡುತ್ತಿದ್ದರು. ಒಂದು ವಾರ ಡ್ರೈವರ್ ಪಾಠದ ಹಣ್ಣನ್ನೇ ಸುಲಿದು ತಿಂದ. ಮುಂದಿನ ವಾರ ಯಜಮಾನರು ಅಂಗಡಿಯ ಚೂರುಬಟ್ಟೆಗಳನ್ನು ಸೇರಿಸಿ ಒಂದು ಹೊಟ್ಟೆಯನ್ನೇ ಹೊಲಿದು ತಂದರು. ಒಳಗೆ ಹತ್ತಿ, ಮೇಲೆ ಮೆತ್ತನೆ ಫ್ಲಾನೆಲ್ಲು, ನಡುವೆ ಹೊಕ್ಕಳಿಗೊಂದು ಕೋಟಿನ ಗುಂಡಿ. "ಇದನ್ನ ತಿನ್ನು ನೋಡೋಣ" ಎಂದು ಅದನ್ನು ಡ್ರೈವರನ ಮಡಿಲಿಗೆ ಹಾಕಿದರು. ಅಂದು ಎಲ್ಲರೂ ನಕ್ಕದ್ದೇ ನಕ್ಕದ್ದು. ಟೈಲರಮ್ಮ ಕೂಡ ಕಿಟಕಿಯಿಂದ ಮುಖ ತಿರುಗಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

ಒಂದೇ ಒಂದು ವಿಷಯ ಸಿಸ್ಟರ್‌ಗೆ ಬಗೆಹರಿದಿರಲಿಲ್ಲ. ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಗಂಡ, ಹೊತ್ತು ತಪ್ಪದ ಊಟ. ಆದರೂ ಟೈಲರಮ್ಮನ ಸಕ್ಕರೆ ಇಳಿಯುತ್ತಿರಲಿಲ್ಲ. ಡಾಕ್ಟರು ಪ್ರತಿ ಸಲ ಇನ್ಸುಲಿನ್ ಏರಿಸುತ್ತ ಹೋದರು. ಏರಿಸಿದಷ್ಟೂ ಅದು ಎಲ್ಲಿಗೆ ಹೋಗಿ ಇಂಗುತ್ತಿತ್ತೋ ಯಾರಿಗೂ ತಿಳಿಯಲಿಲ್ಲ. ಒಮ್ಮೆ ಸಿಸ್ಟರ್, "ಅಮ್ಮ, ಪರದೆ ಹಿಂದೆ ಬನ್ನಿ, ಚುಚ್ಚೋ ಜಾಗ ಒಂದ್ಸಲ ನೋಡ್ತೀನಿ" ಅಂದಿದ್ದರು. ಟೈಲರಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸೊಂಟಕ್ಕೆ ಸುತ್ತಿಕೊಂಡು, "ಇವರು ನೋಡ್ಕೋತಾರಲ್ಲ ಸಿಸ್ಟರ್" ಅಂದರು. ಯಜಮಾನರು ಕೂಡಲೇ ಎದ್ದು, ಒಂದು ಬೆರಳು ಆಚೆ ಸರಿಯುವ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದರು. ಇಷ್ಟು ಹೇಳುವವರ ಮನೆಯಲ್ಲಿ ಇನ್ನೇನು ನೋಡುವುದು ಎಂದು ಸಿಸ್ಟರ್ ಸುಮ್ಮನಾದರು.

ಯಜಮಾನರು ತೀರಿಕೊಂಡದ್ದು ಹೊಲಿಗೆ ಯಂತ್ರದ ಮುಂದೆಯೇ. ಯಾರದೋ ಶರ್ಟಿಗೆ ಕಾಲರು ಕೂರಿಸುತ್ತಿದ್ದರಂತೆ. ಯಂತ್ರದ ಸದ್ದು ನಿಂತಿತು. ದಾರ ಹರಿದಿರಬೇಕು ಎಂದುಕೊಂಡು ಟೈಲರಮ್ಮ ಒಳಗೇ ಕೂತಿದ್ದರು. ಎಷ್ಟು ಹೊತ್ತಾದರೂ ಸದ್ದು ಮತ್ತೆ ಶುರುವಾಗದಿದ್ದಾಗ ಎದ್ದು ಬಂದು ನೋಡಿದರು.

ಸುದ್ದಿ ಕೇಳಿ ಸಿಸ್ಟರ್ ಮರುದಿನ ಮನೆಗೇ ಹೋದರು. ಹೋಗುವಾಗ ಬಟ್ಟೆಯ ಹೊಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡರು. ಸಾವಿನ ಮನೆಗೆ ಪಾಠ ಹೊತ್ತುಕೊಂಡು ಹೋಗುವುದು ಅವರಿಗೂ ಸಂಕೋಚವೇ. ಆದರೆ ಸಕ್ಕರೆ ಕಾಯಿಲೆಗೆ ಸಂಕೋಚ ಇರುವುದಿಲ್ಲವಲ್ಲ.

ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಅರ್ಧ ಕಾಲರಿನ ಶರ್ಟು ಯಂತ್ರದ ಸೂಜಿಯ ಕೆಳಗೆ ಹಾಗೇ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ. ಮಗಳು ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ನಿಂತಿದ್ದಳು. ಅವಳು ಶಾಲೆಯ ವ್ಯಾನ್ ಓಡಿಸುವವಳು. ಎಂಥ ಇಕ್ಕಟ್ಟಿನ ಓಣಿಯಲ್ಲೂ ಹಿಂದಕ್ಕೆ ತೆಗೆಯುವ ಕೈ ಅವಳದು. ಅಂದು ಆ ಕೈ ಸಿರಿಂಜನ್ನು ಎತ್ತುವುದು, ಮತ್ತೆ ಮೇಜಿನ ಮೇಲಿಡುವುದು ಮಾಡುತ್ತಿತ್ತು.

"ನಿನ್ನೆ ಸಂಜೆದೂ ಇಲ್ಲ, ಇವತ್ತು ಬೆಳಿಗ್ಗೆದೂ ಇಲ್ಲ ಸಿಸ್ಟರ್. ನನಗೇನು ಗೊತ್ತು? ಎಲ್ಲ ಅಪ್ಪನೇ ಮಾಡ್ತಿದ್ರು."

"ಕಲಿತ್ಕೋಬಹುದು ಕಣಮ್ಮ. ಅಪ್ಪನೂ ಹೀಗೇ ಕಲಿತಿದ್ದು" ಎಂದು ಸಿಸ್ಟರ್ ಬಟ್ಟೆಯ ಹೊಟ್ಟೆಯನ್ನು ಮೇಜಿನ ಮೇಲಿಟ್ಟರು.

ಗಂಡ ಹೊಲಿದದ್ದನ್ನು ನೋಡಿ ಟೈಲರಮ್ಮ ಗೋಡೆಯ ಕಡೆ ತಿರುಗಿದರು.

ಮಗಳು ಕಲಿತಳು. ಎರಡು ಬೆರಳು ದೂರ, ದಿನಕ್ಕೊಂದು ಜಾಗ, ಒಂದು ಬೆರಳು ಆಚೆ. ಕಣ್ಣೊರೆಸಿಕೊಳ್ಳುತ್ತಲೇ ಪಾಠ ಒಪ್ಪಿಸಿದಳು. ಸಿಸ್ಟರ್ ಅವಳ ಬೆನ್ನು ಸವರಿ, "ಅಪ್ಪನ ಮಗಳೇ ನೀನು. ನನ್ನ ಪಾಠಕ್ಕೆ ಎಷ್ಟೋ ಜನ ಬಂದಿದ್ದಾರೆ, ನಿಮ್ಮಪ್ಪನ ಹಾಗೆ ಹೇಳಿದ್ದನ್ನ ಹೇಳಿದ ಹಾಗೇ ಮಾಡಿದವರನ್ನ ನಾನು ನೋಡಿಲ್ಲ" ಅಂದರು.

ಗೋಡೆಯ ಕಡೆ ತಿರುಗಿದ್ದ ಟೈಲರಮ್ಮ ಇತ್ತ ತಿರುಗಿದರು. ಏನೋ ಹೇಳಲು ಬಾಯಿ ತೆರೆದರು.

"ಏನಮ್ಮ?"

"ಏನಿಲ್ಲ ಸಿಸ್ಟರ್" ಅಂದರು. "ಅವರ ಬಗ್ಗೆ ಒಳ್ಳೆ ಮಾತಾಡಿದ್ರಿ. ಅಷ್ಟೇ ಸಾಕು."

ಅಂದಿನಿಂದ ಮಗಳು ತಾಯಿಯ ಮನೆಯಲ್ಲೇ ಉಳಿದಳು. ಬೆಳಿಗ್ಗೆ ವ್ಯಾನ್ ತೆಗೆಯುವ ಮೊದಲು ಒಮ್ಮೆ, ಸಂಜೆ ಮಕ್ಕಳನ್ನೆಲ್ಲ ಇಳಿಸಿ ಬಂದ ಮೇಲೆ ಒಮ್ಮೆ. ತಾಯಿ ಕಣ್ಣು ಗಟ್ಟಿಯಾಗಿ ಮುಚ್ಚಿ, ಹಲ್ಲು ಕಚ್ಚಿ, "ಅಯ್ಯೋ" ಎಂದು ಉಸಿರೆಳೆಯುವರು. "ನೋಯ್ತಾ ಅಮ್ಮ?" "ಇಲ್ಲ, ಇರುವೆ ಕಚ್ಚಿದ ಹಾಗೆ. ನೀನು ಹೋಗು, ಮಕ್ಕಳು ಕಾಯ್ತಿರ್ತಾವೆ." ಬಲಕ್ಕೆ ಒಂದು ಬೆರಳು, ಮತ್ತೆ ಒಂದು ಬೆರಳು. ಮಗಳು ಪಾಠದಿಂದ ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ.

ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಮೊದಲ ಟ್ರಿಪ್ ಮುಗಿಸಿ ಬಂದು ನೋಡಿದರೆ ತಾಯಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ರವಿಕೆ ಬೆವರಿಗೆ ಒದ್ದೆಮುದ್ದೆ. ತಿಂದ ತಟ್ಟೆ ಪಕ್ಕದಲ್ಲೇ ಇತ್ತು. ಕಣ್ಣು ತೆರೆದಿದ್ದರೂ ಮಗಳ ಗುರುತು ಹತ್ತಿದಂತಿರಲಿಲ್ಲ.

"ರೀ," ಎಂದು ತೊದಲಿದರು, "ಅಲ್ಲಲ್ಲ ರೀ... ನಮ್ಮ ಜಾಗ... ನಮ್ಮ ಜಾಗಕ್ಕೆ ಕೊಡಿ..."

ಸಕ್ಕರೆ ಇಳಿದರೆ ಏನು ಮಾಡಬೇಕೆಂಬುದನ್ನೂ ಮಗಳು ಕಲಿತಿದ್ದಳು. ತಾಯಿ ನುಂಗುತ್ತಾರೆ ಎಂಬುದನ್ನು ನೋಡಿಕೊಂಡು, ಸಕ್ಕರೆ ನೀರನ್ನು ಚಮಚೆಯಲ್ಲಿ ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ವ್ಯಾನಿನಲ್ಲಿ ಮಕ್ಕಳ ಸೀಟಿನ ಮೇಲೆ ತಾಯಿಯನ್ನು ಮಲಗಿಸಿಕೊಂಡು, ಹಾರ್ನಿನ ಮೇಲಿಟ್ಟ ಕೈ ತೆಗೆಯದೆ ಆಸ್ಪತ್ರೆಗೆ ತಂದಳು.

ಸಿಸ್ಟರ್ ವಾರ್ಡಿಗೆ ಓಡಿ ಬರುವಷ್ಟರಲ್ಲಿ ಟೈಲರಮ್ಮನಿಗೆ ತಿಳಿವು ಬಂದಿತ್ತು. ಕೈಗೆ ಡ್ರಿಪ್ಪು ಹಾಕಿದ್ದರು. ಮಗಳು ಮಂಚದ ಕಾಲಬದಿಯಲ್ಲಿ ನಿಂತು ಒಂದೇ ಮಾತನ್ನು ತಿರುಗಾಮುರುಗಾ ಹೇಳುತ್ತಿದ್ದಳು. "ನೀವು ಹೇಳಿದ ಹಾಗೇ ಕೊಟ್ಟೆ ಸಿಸ್ಟರ್. ಡಾಕ್ಟ್ರು ಬರೆದಷ್ಟೇ ಕೊಟ್ಟೆ. ಅಪ್ಪ ಕೊಡ್ತಿದ್ದಷ್ಟೇ ಕೊಟ್ಟೆ. ಊಟಾನೂ ಮಾಡಿದ್ರು."

ಸಿಸ್ಟರ್ ಮಂಚದ ಸುತ್ತ ಪರದೆ ಎಳೆದರು. "ಅಮ್ಮ, ಇವತ್ತು ಬೇಡ ಅನ್ಬೇಡಿ" ಎಂದು ಸೆರಗು ಸರಿಸಿ, ಹೊಟ್ಟೆಯ ಮೇಲೆ ಅಂಗೈಯನ್ನು ಮೆಲ್ಲಗೆ ಆಡಿಸಿದರು.

ಹೊಕ್ಕಳ ಎಡಕ್ಕೆ ಕೈ ನಿಂತಿತು. ಚರ್ಮದ ಕೆಳಗೊಂದು ಗಂಟು. ಮೆತ್ತನೆಯದು, ಆದರೆ ದಪ್ಪ. ಹಾಸಿಗೆಯೊಳಗೆ ಹತ್ತಿ ಒಂದು ಕಡೆ ಸೇರಿ ಉಂಡೆಗಟ್ಟುತ್ತದಲ್ಲ, ಹಾಗೆ. ಅದರ ಮೇಲೆಲ್ಲ ಹಳೆಯ ಚುಚ್ಚುಗುರುತುಗಳು ಒತ್ತೊತ್ತಾಗಿದ್ದವು.

"ಇಲ್ಲಿ ಒತ್ತಿದ್ರೆ ನೋಯ್ತದಾ ಅಮ್ಮ?"

"ಅಲ್ಲಿ ಯಾವತ್ತೂ ನೋಯಲ್ಲ" ಅಂದರು ಟೈಲರಮ್ಮ. "ಮೊದಮೊದಲು ನೀವು ಹೇಳಿದ ಹಾಗೇ ಮಾಡ್ತಿದ್ರು. ಬಟ್ಟೆಗೆ ಗುರುತು ಹಾಕೋ ಚಾಕ್ ಇಲ್ವಾ, ಅದರಲ್ಲಿ ನನ್ನ ಹೊಟ್ಟೆ ಮೇಲೆ ಗುರುತು ಹಾಕೋರು. 'ನೀನು ನನ್ನ ಕೊನೇ ಗಿರಾಕಿ, ಅಳತೆ ತಪ್ಪಬಾರ್ದು' ಅನ್ನೋರು. ಚುಚ್ಚಿದಾಗೆಲ್ಲ ನಾನು ಕಿರುಚ್ತಿದ್ದೆ. ಇವರ ಕಣ್ಣಲ್ಲಿ ನೀರು ಬಂದ್ಬಿಡೋದು. ಒಂದಿನ ಈ ಜಾಗಕ್ಕೆ ಕೊಟ್ಟಾಗ ನೋವು ಗೊತ್ತೇ ಆಗ್ಲಿಲ್ಲ. ಮತ್ತೆ ಕೊಟ್ರು, ಆಗ್ಲೂ ಇಲ್ಲ. 'ಸಿಕ್ತು ಕಣೇ ಜಾಗ' ಅಂತ ಮಗು ಹಾಗೆ ಕುಣಿದಾಡಿದ್ರು. ಆಮೇಲೆ ದಿನಾ ಅಲ್ಲೇ."

"ಮತ್ತೆ ಪಾಠದಲ್ಲಿ..."

"ಪಾಠದಲ್ಲಿ ನಿಮ್ಮ ಮನಸ್ಸು ನೋಯಿಸಬಾರ್ದು ಅಂತ. ಮನೇಲಿ ನನ್ನ ಮೈ ನೋಯಿಸಬಾರ್ದು ಅಂತ."

ಸಿಸ್ಟರ್ ಸ್ಟೂಲೆಳೆದುಕೊಂಡು ಕೂತರು. ಮೊದಲೆರಡು ಸಲ ಅಲ್ಲಿ ನೋಯದ್ದು ಅದೃಷ್ಟ, ಆಮೇಲೆ ಎಂದೂ ನೋಯದ್ದು ದಿನಾ ಅಲ್ಲೇ ಚುಚ್ಚಿ ಗಂಟು ಕಟ್ಟಿದ್ದರಿಂದ. ಗಂಟು ಔಷಧಿಯನ್ನು ಒಳಗೆ ಬಿಡಲಿಲ್ಲ, ಬಿಡದ್ದರಿಂದ ಡಾಕ್ಟರು ಏರಿಸಿದರು. ಅಪ್ಪ ಗಂಟಿಗೆ ಕೊಡುತ್ತಿದ್ದಷ್ಟನ್ನೂ ಮಗಳು ಒಳ್ಳೆಯ ಜಾಗಕ್ಕೆ ಕೊಟ್ಟಳು. ಪಾಠದ ಪ್ರಕಾರವೇ ಕೊಟ್ಟಳು. ಔಷಧಿಯೆಲ್ಲ ಒಂದೇ ಸಲಕ್ಕೆ ರಕ್ತಕ್ಕಿಳಿಯಿತು. ಇದನ್ನು ಸಿಸ್ಟರ್ ಬಿಡಿಸಿ ಬಿಡಿಸಿ ಹೇಳಿದರು. ಇದರಲ್ಲಿ ನಿನ್ನದೇನೂ ತಪ್ಪಿಲ್ಲ ಎಂದು ಮಗಳಿಗೆ ಮತ್ತೆ ಮತ್ತೆ ಹೇಳಿದರು. ಅಂದು ಬಿಡದೆ ಪರದೆ ಹಿಂದೆ ಕರೆದೊಯ್ದು ನೋಡಿದ್ದರೆ ನನಗೆ ಆಗಲೇ ತಿಳಿಯುತ್ತಿತ್ತು ಎಂಬುದನ್ನೂ ಹೇಳಿದರು.

ಮಗಳ ಕಿವಿಗೆ ಅದು ಯಾವುದೂ ಬಿದ್ದಂತಿರಲಿಲ್ಲ. "ಅಮ್ಮ, ನಿನಗೆ ಗೊತ್ತಿತ್ತು! ಸಿಸ್ಟರ್ ಮನೆಗೆ ಬಂದಾಗ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಯಾಕೆ ಹೇಳ್ಲಿಲ್ಲ?"

"ಅವರು ಹೋಗಿ ಒಂದು ದಿನ ಆಗಿತ್ತು ಕಣೆ" ಅಂದರು ತಾಯಿ. "ಸಿಸ್ಟರ್ ಅವರನ್ನ ಅಷ್ಟು ಹೊಗಳ್ತಿದ್ರು. ಅವತ್ತೇ ನಾನು, 'ಇಲ್ಲ ಸಿಸ್ಟರ್, ನಿಮ್ಮ ಮಾತು ಅವರು ಕೇಳ್ತಿರ್ಲಿಲ್ಲ' ಅಂತ ಹೇಳ್ಲಾ? ಆ ಅರ್ಧ ಹೊಲಿದ ಶರ್ಟಿನ ಮುಂದೆ ನಿಂತ್ಕೊಂಡು?"

"ಅಪ್ಪನ ಮರ್ಯಾದೆ ಉಳಿಸೋಕೆ ನೀನು ಸಾಯ್ತಿದ್ದೆ. ನನ್ನ ಕೈಯಲ್ಲಿ ಸಾಯ್ತಿದ್ದೆ!"

ಮಗಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. "ನಾನಿನ್ನು ಸೂಜಿ ಮುಟ್ಟೋದಿಲ್ಲ ಸಿಸ್ಟರ್. ನನ್ನಿಂದ ಆಗಲ್ಲ. ಬೇಕಾದ್ರೆ ನರ್ಸುಗಳಿರೋ ವೃದ್ಧಾಶ್ರಮಕ್ಕೆ ಸೇರಿಸ್ತೀನಿ. ದಿನಾ ಹೋಗಿ ನೋಡ್ತೀನಿ. ಇದೊಂದು ಮಾತ್ರ ಕೇಳ್ಬೇಡಿ."

ಮಗಳು ಔಷಧಿ ತರಲು ಕೆಳಗೆ ಹೋದ ಮೇಲೆ ಟೈಲರಮ್ಮ ಸಿಸ್ಟರ್ ಕೈ ಹಿಡಿದುಕೊಂಡರು. "ಆ ಮಗುವಿಗೆ ಇನ್ನೊಂದ್ಸಲ ಆ ಸೂಜಿ ಕೊಡಿಸ್ಬೇಡಿ. ರಾತ್ರಿಯೆಲ್ಲ ನನ್ನ ಮೂಗಿನ ಹತ್ರ ಕೈಯಿಟ್ಟು ಉಸಿರು ನೋಡ್ತಾ ಕೂರ್ತಾಳೆ."

"ಹಾಗಾದ್ರೆ ಆಶ್ರಮಕ್ಕೆ ಹೋಗ್ತೀರಾ?"

"ಅಂಗಡಿ ಬಿಟ್ಟು ನಾನೆಲ್ಲಿಗೆ ಹೋಗ್ಲಿ?" ದನಿ ತಗ್ಗಿಸಿ ಕೇಳಿದರು. "ಹಳೇ ಜಾಗಕ್ಕೇ ಕೊಟ್ಕೊಂಡ್ರೆ ಆಗಲ್ವಾ ಸಿಸ್ಟರ್? ಅಲ್ಲಾದ್ರೆ ನಾನೇ ಧೈರ್ಯ ಮಾಡ್ಬಹುದು. ನೋಯೋದಿಲ್ಲ."

"ಆಗಲ್ಲ ಅಮ್ಮ. ಆ ಜಾಗ ಇನ್ನು ಮುಟ್ಟಬಾರ್ದು."

"ಮುಟ್ಟಲೇಬಾರ್ದಾ?"

"ಹೂಂ."

ಟೈಲರಮ್ಮ ಕಿಟಕಿಯ ಕಡೆ ತಿರುಗಿದರು. ಮತ್ತೆ ಇತ್ತ ತಿರುಗಿ ಹೇಳಿದರು. "ಹಾಗಾದ್ರೆ ನನಗೇ ಕಲಿಸಿ."

ಡಾಕ್ಟರು ಇನ್ಸುಲಿನ್ನನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಿದರು. ಮನೆಗೆ ಕಳಿಸುವ ದಿನವೇ ಪಾಠದ ದಿನವೂ ಆಗಿತ್ತು. ಟೈಲರಮ್ಮ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಪಕ್ಕದ ಜಾಗ ಖಾಲಿ. ಆ ಜಾಗದಲ್ಲಿ ಯಾರೂ ಕೂರಲಿಲ್ಲ. ಡ್ರೈವರ್ ಬಂದವನೇ ಒಂದು ಗಳಿಗೆ ಅಲ್ಲಿ ನಿಂತು, ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಹಿಂದೆ ಹೋಗಿ ಕೂತ. ಅಂದು ಅವನ ಇಂಜಿನ್ನು ಬಂದ್ ಆಗಿತ್ತು.

ಸಿಸ್ಟರ್ ಬಟ್ಟೆಯ ಹೊಟ್ಟೆಯನ್ನು ಟೈಲರಮ್ಮನ ಮಡಿಲಿಗಿಟ್ಟರು. ಆಕೆ ಅದನ್ನು ಸುಮ್ಮನೆ ಹಿಡಿದು ಕೂತರು. ಅಂಚಿನ ಹೊಲಿಗೆಯನ್ನು ಬೆರಳಿನಿಂದ ಸವರಿದರು. "ಕೈಹೊಲಿಗೆ ಇದು. ಯಂತ್ರದಲ್ಲಿ ಹಾಕಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಸೂಜಿ ಹಿಡಿದರು. ಮೊದಲ ಸಲ ಅದು ಕೈ ಜಾರಿ ನೆಲಕ್ಕೆ ಬಿತ್ತು. ಎರಡನೆಯ ಸಲ ಕಣ್ಣು ಮುಚ್ಚಿ ಚುಚ್ಚಿದರು, ಸೂಜಿ ಗುಂಡಿಗೆ ತಾಗಿ ಬಗ್ಗಿತು.

"ಅಕ್ಕಾ," ಎಂದ ಹಿಂದಿನಿಂದ ಡ್ರೈವರ್, ಎಂದೂ ಇಲ್ಲದ ಮೆಲುದನಿಯಲ್ಲಿ, "ಕಣ್ಮುಚ್ಚಿ ಗಾಡಿ ಓಡಿಸ್ಬಾರ್ದು."

ಟೈಲರಮ್ಮ ಕಣ್ಣು ತೆರೆದರು. ಮೂರನೆಯದು ಸರಿಯಾಗಿ ಇಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ಯಾರೋ ಮೂಗು ಒರೆಸಿಕೊಂಡ ಸದ್ದು ಕೇಳಿತು.

ಪಾಠ ಮುಗಿಯುವಷ್ಟರಲ್ಲಿ ಸಂಜೆಯ ಸೂಜಿಯ ಹೊತ್ತಾಗಿತ್ತು. ಸಿಸ್ಟರ್ ಅವರನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋದರು. ಮಗಳು ಪರದೆಯ ಹೊರಗೆ, ವ್ಯಾನಿನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಳು.

"ಮೊದಲು ನನಗೆ ಹೇಳಿ ಅಮ್ಮ. ನಾನು ರೋಗಿ."

ಟೈಲರಮ್ಮ ಹೇಳಿದರು. ಎರಡು ಬೆರಳು, ಒಂದು ಬೆರಳು, ಗಂಟು, ರಕ್ತ. ಒಂದು ಮಾತೂ ತಪ್ಪಲಿಲ್ಲ. ಅಷ್ಟು ದಿನ ಕಿಟಕಿ ನೋಡುತ್ತ ಕೂತಿದ್ದರೂ ಕಿವಿ ಮಾತ್ರ ಗಂಡನ ಕಡೆಗೇ ಇತ್ತು. ಹೇಳುತ್ತ ಹೇಳುತ್ತ ಕೊನೆಗೆ, "ತಿಳೀತಾ? ಇಲ್ಲಾಂದ್ರೆ ಇನ್ನೊಂದ್ಸಲ..." ಎಂಬಲ್ಲಿಗೆ ಬಂದು ನಿಂತರು. ಮುಂದಿನದನ್ನು ಹೇಳಲಿಲ್ಲ.

ಸಿಸ್ಟರ್ ಸಿರಿಂಜಿಗೆ ಔಷಧಿ ಎಳೆದು ಟ್ರೇಯಲ್ಲಿಟ್ಟರು.

"ಆ ಗಂಟು?" ಎಂದು ಟೈಲರಮ್ಮ ಕೇಳಿದರು. "ಅದೇನಾಗ್ತದೆ?"

"ಮುಟ್ಟದೆ ಬಿಟ್ರೆ ತಾನಾಗೇ ಕರಗ್ತದೆ. ಕೆಲವು ತಿಂಗಳು ಬೇಕು."

"ಪೂರ್ತಿ ಹೋಗ್ತದಾ?"

ಹೂಂ ಅನ್ನುವುದು ಎಷ್ಟು ಕಷ್ಟ ಎಂದು ಸಿಸ್ಟರ್‌ಗೆ ಆಗ ತಿಳಿಯಿತು. "ಪೂರ್ತಿ ಹೋಗ್ತದೆ ಅಮ್ಮ."

ಟೈಲರಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಚಾಕ್ ತೆಗೆದರು. ನೀಲಿಯದು, ಸವೆದು ಸವೆದು ಉಗುರಿನಷ್ಟಾಗಿತ್ತು. ಎಡಗಡೆಯ ಆ ಉಬ್ಬಿನ ಮೇಲೆ ಅಂಗೈಯಿಟ್ಟು ಒಂದಿಷ್ಟು ಹೊತ್ತು ಕೂತರು. ಆಮೇಲೆ ಕೈ ತೆಗೆದು ಅದರ ಸುತ್ತ ಒಂದು ಗೆರೆ ಎಳೆದರು. ಬಟ್ಟೆಯಲ್ಲಿ ಕತ್ತರಿ ತಾಗಬಾರದ ಕಡೆ ಯಜಮಾನರು ಎಳೆಯುತ್ತಿದ್ದ ಹಾಗೆಯೇ. ಬಲಗಡೆ, ಹೊಕ್ಕಳಿಂದ ಎರಡು ಬೆರಳು ಅಳೆದು ಒಂದು ಚುಕ್ಕಿ ಇಟ್ಟರು.

ಕಣ್ಣು ಮುಚ್ಚದೆ ಚುಚ್ಚಿಕೊಂಡರು.

"ನೋಯ್ತಾ ಅಮ್ಮ?" ಎಂದು ಪರದೆಯಾಚೆಯಿಂದ ಮಗಳ ದನಿ ಬಂತು.

"ಹೂಂ ಕಣೆ," ಅಂದರು ತಾಯಿ. "ನೋಯ್ತು."